ಒಂದೇ ಹಿಡಿ ಹಿಮಕ್ಕೆ ಎರಡು ಮಾತು

ಸ್ಕಾರ್‌ಡಾಲ್, ನಾರ್ವೆ
ಏಪ್ರಿಲ್ ೨೩, ೧೯೩೬

ನನ್ನ ಮುದ್ದಿನ ತಂಗಿ ರಾಗ್ನಾ,

ನೀನು, ನಿನ್ನ ಗಂಡ, ಆ ಕೆಮ್ಮುವ ಪುಟ್ಟಿ ಎಲ್ಲರೂ ನೆಮ್ಮದಿಯಾಗಿದ್ದೀರೆಂದು ನಂಬಿದ್ದೇನೆ. ಕಾಗದಕ್ಕೆ ಉತ್ತರ ಬರೆಯಲಿಲ್ಲವೆಂದು ನನ್ನನ್ನು ಬೈದುಕೊಂಡಿರುತ್ತೀಯ, ಬೈದುಕೋ. ಪೆನ್ನು ಹಿಡಿದಾಗಲೆಲ್ಲ ಎದ್ದುಬಿಡುತ್ತಿದ್ದೆ. ಇವತ್ತು ಬರೆಯದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ.

ಮೊದಲು ನಮ್ಮ ಮಗಳು ಲಿವ್ ವಿಷಯ. ಗಾಬರಿಯಾಗಬೇಡ, ಜೀವಕ್ಕೆ ಅಪಾಯವಿಲ್ಲ. ಬೆಟ್ಟದಾಚೆ ಐಲಿಫ್‌ನ ಮನೆಯಲ್ಲಿ ಮಲಗಿದ್ದಾಳೆ. ಅಲ್ಲಿಯ ಚರ್ಚಿನಲ್ಲಿ ಈಸ್ಟರ್‌ಗೆ ಮುಂಚಿನ ಒಂದು ಭಾನುವಾರ ಪಾದ್ರಿ ಇಬ್ಬರ ಮದುವೆಯನ್ನು ಎಲ್ಲರೆದುರು ಸಾರಬೇಕಿತ್ತು, ಅದಕ್ಕೆಂದು ಹೊರಟವಳು ದಾರಿಯಲ್ಲಿ ಬಿದ್ದಳು. ಮಂಡಿಚಿಪ್ಪು ಪುಡಿಯಾಗಿದೆ. ಆ ಕಾಲು ಇನ್ನು ಮಡಚುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟರು. ಇಪ್ಪತ್ತೆರಡರ ಹುಡುಗಿ, ರಾಗ್ನಾ!

ನಿನ್ನ ಗಂಡ ಕಡಲ ಕಡೆಯವನು, ಅವನಿಗೆ ತಿಳಿಯಲೆಂದು ಬರೆಯುತ್ತೇನೆ. ನಮ್ಮ ಕಣಿವೆಯಲ್ಲಿ ನನ್ನ ಗಂಡ ಹಾಲ್ವರ್‌ನನ್ನು ಕೇಳದೆ ಯಾರೂ ಬೆಟ್ಟ ಹತ್ತುವುದಿಲ್ಲ. ಮರ ಕೆತ್ತಿ ಸ್ಕೀ ಹಲಗೆ ಮಾಡುವವನೂ ಅವನೇ, ಯಾವ ಹಿಮಕ್ಕೆ ಯಾವುದೆಂದು ಹೇಳುವವನೂ ಅವನೇ. "ಹಾಲ್ವರ್, ಇವತ್ತು ಯಾವ್ದು?" ಎಂದು ಬಾಗಿಲಿಗೆ ಬರುತ್ತಾರೆ. ಇವನು ಒಂದು ಹಿಡಿ ಹಿಮ ಹಿಸುಕಿ, ಬೆಟ್ಟದ ನೆತ್ತಿಯನ್ನು ದಿಟ್ಟಿಸಿ ಹೇಳುತ್ತಾನೆ. ಹೊಸ ಮೆತ್ತನೆಯ ಹಿಮವಾದರೆ ಹೂತುಹೋಗದಂತೆ ಅಗಲದ ಸ್ಕೀ. ಮೇಲೆ ಹಕ್ಕಳೆ ಕಟ್ಟಿ ಗಟ್ಟಿಯಾದ ಹಿಮವಾದರೆ ಕಚ್ಚಿ ಹಿಡಿಯುವಂತೆ ಉಕ್ಕಿನ ಅಂಚಿನ ಕಿರಿದು. ಒದ್ದೆ ಹಿಮದಲ್ಲಿ ಏರುವುದಕ್ಕೆ ಹಿಂದಕ್ಕೆ ಜಾರದಂತೆ ಅಡಿಗೆ ಸೀಲ್ ಪ್ರಾಣಿಯ ಚರ್ಮ ಕಟ್ಟಿದ್ದು. ಅವನು ಹೇಳಿದ ಮೇಲೆ ಮುಗಿಯಿತು, ಪಾದ್ರಿಯೂ ಎದುರಾಡುವುದಿಲ್ಲ.

ಮಗಳು ಹೊರಡುತ್ತಾಳೆಂದು ಅವನು ವಾರವಿಡೀ ಮುಖ ಊದಿಸಿಕೊಂಡಿದ್ದ. ಹೊರಡುವ ದಿನ ಬೆಳಿಗ್ಗೆ ಇವಳು ಅಪ್ಪನ ಭುಜಕ್ಕೊಂದು ಗುದ್ದಿ, "ಏನಪ್ಪಾ ಮಹಾರಾಯ, ಇವತ್ತು ಯಾವ್ದು? ಬೇಗ ಹೇಳು, ಅಲ್ಲಿ ನನ್ ಗಂಡು ಮುದುಕ ಆಗೋಗ್ತಾನೆ" ಎಂದಳು. ಅವನು ಹಿಮ ಹಿಸುಕಿದ, ಮೇಲೆ ನೋಡಿದ. "ಅಗಲದ್ದು ತಗೊ. ಮೇಲೆಲ್ಲಾ ಮೆತ್ತಗಿದೆ" ಎಂದ. ನಾನು ಅಲ್ಲೇ ನಿಂತು ಅವಳ ಚೀಲಕ್ಕೆ ರೊಟ್ಟಿ ತುರುಕುತ್ತಿದ್ದೆ.

ಮೇಲೆ ಮೆತ್ತಗಿರಲಿಲ್ಲ. ಮಳೆ ಬಿದ್ದು ಹೆಪ್ಪುಗಟ್ಟಿ ಇಡೀ ಇಳಿಜಾರು ಹಕ್ಕಳೆ ಹಿಡಿದಿತ್ತು. ಅಗಲದ ಸ್ಕೀ ಎಲ್ಲಿಯೂ ಕಚ್ಚಲಿಲ್ಲ. ಕಡಿದಾದ ಜಾಗದಲ್ಲಿ ಜಾರಿದವಳು ಬಂಡೆಗೆ ಬಡಿದು ನಿಂತಳು. ಇನ್ನೂ ಬರಲಿಲ್ಲವಲ್ಲ ಎಂದು ಐಲಿಫ್ ಹುಡುಕಿಕೊಂಡು ಎದುರು ಬರದಿದ್ದರೆ ಅವಳು ಅಲ್ಲೇ ಸೆಟೆದುಹೋಗುತ್ತಿದ್ದಳು.

"ಹಾಲ್ವರ್‌ಗೂ ವಯಸ್ಸಾಯ್ತು, ಕಣ್ಣು ಮಂಜಾಯ್ತು" ಎಂದು ಊರೆಲ್ಲ ಗುಸುಗುಸು. ನಾನು ಕಂಡಕಂಡವರ ಮೇಲೆ ಎಗರಾಡಿದೆ. ಅವನು ಊಟ ಬಿಟ್ಟು ಕೂತಿದ್ದ. ಪಕ್ಕದಲ್ಲಿ ಕೂತು, "ಹಿಮ ಯಾರ ಮಾತು ಕೇಳತ್ತೆ? ನಿನ್ ತಪ್ಪಲ್ಲ, ಒಂದು ತುತ್ತು ತಿನ್ನು" ಎಂದು ಗಂಜಿ ಕುಡಿಸಿದೆ. ನನ್ನ ಕೈಯಾರೆ ಕುಡಿಸಿದೆ!

ಮೊನ್ನೆ ಗ್ರಿಮ್ ಬಂದ. ಅದೇ, ಪಕ್ಕದ ಹೊಲದ ಮುದಿ ಬ್ರಹ್ಮಚಾರಿ. ಲಿವ್ ಹೊರಟ ದಿನವೇ ಕಾಡುಕೋಳಿಗೆ ಉರುಲು ಹಾಕಲು ಮೇಲಿನ ಗುಡಿಸಲಿಗೆ ಹೋದವನು ಆಗಷ್ಟೇ ಇಳಿದಿದ್ದ. ಕಾಫಿ, ಮೇಕೆಹಾಲಿನ ಗಿಣ್ಣು ಮುಂದಿಟ್ಟೆ. ಹಾಲ್ವರ್ ಮೂಲೆಯಲ್ಲಿ ಮರ ಕೆತ್ತುತ್ತಿದ್ದ. ಗ್ರಿಮ್ ಬಾಯ್ತುಂಬ ಗಿಣ್ಣು ಇಟ್ಟುಕೊಂಡು, "ಪಾಪ, ಹುಡುಗಿ ಜಾರಿದ್ದು ಕೇಳ್ದೆ. ಕಿರಿದು ಹಾಕ್ಕೊಂಡೂ ಜಾರಿದ್ಲು ಅಂದ್ರೆ ಎಂಥಾ ಹಕ್ಕಳೆ ಇರ್ಬೇಕು! ಆವತ್ತು ಅವಳಿಗಿಂತ ಒಂಚೂರು ಮುಂಚೆ ನಾನೂ ಬಂದು ಕೇಳಿದ್ನಲ್ಲ. 'ಮೇಲೆ ಗಾಜಾಗಿದೆ, ಅಗಲದ್ದು ಮುಟ್ಟಬೇಡ, ಸೊಂಟ ಮುರ್ಕೋತೀಯ' ಅಂದ ನಿನ್ ಗಂಡ. ನನ್ ಸೊಂಟ ಉಳಿಸ್ದ ಪುಣ್ಯಾತ್ಮ!" ಎಂದ.

ಕೆತ್ತುವ ಸದ್ದು ನಿಂತಿತು. ನನ್ನ ಕೈಯಲ್ಲಿದ್ದ ಕೆಟಲ್ ಎಲ್ಲಿಟ್ಟೆನೋ ಗೊತ್ತಿಲ್ಲ. ಅದೇ ಬೆಳಿಗ್ಗೆ, ಅದೇ ಅಂಗಳದ ಹಿಮ. ಗ್ರಿಮ್‌ಗೆ ಒಂದು ಮಾತು, ಹೆತ್ತ ಮಗಳಿಗೆ ಇನ್ನೊಂದು.

ಗ್ರಿಮ್ ಹೋದ ಮೇಲೆ ಬಾಗಿಲು ಹಾಕಿ ಕೇಳಿದೆ, "ಗೊತ್ತಿತ್ತಾ ನಿಂಗೆ?" ಅವನು ತಲೆ ಎತ್ತಲಿಲ್ಲ. "ಮರಗಳು ಮುಗಿಯೋ ಕಡೆ ಸಣ್ಣ ಏರಿದ್ಯಲ್ಲ, ಅಲ್ಲೇ ಜಾರಿ ಕೂತ್ಕೊಂಡು, ನನ್ನ ಬೈಕೊಂಡು ವಾಪಸ್ ಬರ್ತಾಳೆ ಅಂದ್ಕೊಂಡೆ. ಆ ಭಾನುವಾರ ತಪ್ಪಿದ್ರೆ ಈಸ್ಟರ್ ಮುಗಿಯೋವರ್ಗೂ ಮದುವೆ ಸಾರಲ್ಲ, ಅಲ್ಲೀವರ್ಗೂ ಮನೇಲಿರ್ತಾಳೆ ಅಂತ. ಅಷ್ಟೇ ಸಿಗ್ನೆ, ಅಷ್ಟೇ. ಯಾಕೆ ವಾಪಸ್ ಬರ್ಲಿಲ್ಲ ಅವಳು? ಜಾರಿದ್ ತಕ್ಷಣ ಯಾಕೆ ಬರ್ಲಿಲ್ಲ?" ಎಂದು ನನ್ನನ್ನೇ ಕೇಳಿದ!

ಹೊಡೆಯಬೇಕೆನ್ನಿಸಿತು. ಅವನು ಅಳುತ್ತಿದ್ದ, ಹೊಡೆಯಲಾಗಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯ ಯಾರೋ ಅಪರಿಚಿತನಂತೆ ಕಾಣುತ್ತಾನೆ. ಲಿವ್‌ಗೆ ಹೇಳಲೇ, ಬಿಡಲೇ? ಹೇಳಿದರೆ ಅವಳಿಗೆ ಅಪ್ಪ ಇರುವುದಿಲ್ಲ. ಹೇಳದಿದ್ದರೆ ನಾನು ಅವನ ಜೊತೆಗೆ ಸೇರಿದಂತಾಯಿತು. ನಿನಗೆ ಏನು ತೋಚುತ್ತದೋ ಬರೆ, ಆದರೆ ಬೇಗ ಬರೆ.

ಪುಟ್ಟಿಯ ಎದೆಗೆ ಕುರಿಕೊಬ್ಬು ಬೆಚ್ಚಗೆ ಮಾಡಿ ತಿಕ್ಕು. ನಿಮ್ಮ ಮನೆಯಲ್ಲಿ ಒಬ್ಬರ ಮಾತನ್ನೊಬ್ಬರು ನಂಬಿಕೊಂಡು ಬದುಕುವ ಹಾಗೆ ದೇವರು ಕಾಯಲಿ.

ನಿನ್ನ ಅಕ್ಕ,
ಸಿಗ್ನೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಐಲಿಫ್ ಬಂದ. ಲಿವ್ ಅಪ್ಪನಿಗೆ ಹೇಳಿ ಕಳಿಸಿದ್ದಾಳೆ: "ಬೇಜಾರು ಮಾಡ್ಕೋಬೇಡ ಅಪ್ಪಾ. ಮೊದಲ್ನೇ ಏರಲ್ಲೇ ಜಾರಿದೆ. ಆದ್ರೆ ನೀನು ಹೇಳಿದ್ ಮೇಲೆ ಸ್ಕೀ ತಪ್ಪಿರಲ್ಲ, ನನ್ ಕಾಲೇ ಸರಿಯಿಲ್ಲ, ಮುಂದೆ ಮೆತ್ತಗೆ ಹಿಮ ಸಿಗತ್ತೆ ಅಂತ ಹತ್ತುತ್ತಾ ಹೋದೆ. ಈ ಮಡಚದ ಕಾಲಿಗೆ ಯಾವ ಸ್ಕೀ ಸರಿ ಅಂತ ನೀನೇ ಹೇಳ್ಬೇಕು." ಹಾಲ್ವರ್ ಬಿಳಿಚಿಕೊಂಡು, "ಇನ್ಮೇಲೆ ನೀನೇ ನೋಡಿ ಹೇಳಪ್ಪಾ ಅವಳಿಗೆ" ಎಂದ. ಐಲಿಫ್ ಅದನ್ನು ತಮಾಷೆಯೆಂದುಕೊಂಡು, "ನನ್ ಮಾತು ಎಲ್ಲಿ ನಂಬ್ತಾಳೆ ಮಾವ! ನೀವು ಹೇಳಿದ್ರೆ ಮಾತ್ರ" ಎಂದು ನಕ್ಕ. ಅವನು ನಕ್ಕನೆಂದು ನಾನೂ ನಕ್ಕುಬಿಟ್ಟೆ, ರಾಗ್ನಾ.