ರಹಿಮಾನಸಾಬ ಹಿಡಿದ ಕೈ

ಸೋಮವಾರ, 14 ಜುಲೈ 1986
ಏಳೂವರೆ ಬಸ್ಸು ತಪ್ಪಿತು. ಮುಂದಿನದರಲ್ಲಿ ಸಂಶಿಯಿಂದ ಕುಂದಗೋಳದವರೆಗೆ ನಿಂತೇ ಬಂದೆ. ಕಾಲೇಜು ಗೇಟಿನಲ್ಲಿ ಅಂದಾನೆಪ್ಪ — ಸೆಕೆಂಡ್ ಇಯರ್, ಜೂನ್‌ನಿಂದ ನಮ್ಮಿಬ್ಬರದು ಪ್ರೀತಿ. ಬಸ್ಸಿನಲ್ಲಿ ಬಾಜು ಯಾರಿದ್ದರು ಎಂದು ಕೇಳಿದ. ಕಂಡಕ್ಟರ್ ಎಂದು ನಕ್ಕೆ. ಅವನು ನಗಲಿಲ್ಲ. ಎಡ ಮುಂಗೈ ಹಿಡಿದು ತಿರುವಿದ. ಮೂರು ಬಳೆ ಒಡೆದು ಹೋದವು. ಆಮೇಲೆ ಸಾರಿ ಅಂದ. ಪೆಪ್ಪರ್ಮಿಂಟ್ ಕೊಟ್ಟ.
ಸಾರಿ ಅಂದನಲ್ಲ...

ಗುರುವಾರ, 17 ಜುಲೈ. ಲೈಬ್ರರಿ, 11.20
ಗೆಳತಿ ಬಸಕ್ಕನಿಗೆ ಮಾತ್ರ ಕೈ ತೋರಿಸಿದೆ. ಒಂದೇ ಬೆಂಚು, ಒಂದೇ ಡಬ್ಬಿ ನಮ್ಮದು.
“ಜೀವಾ ಇಟ್ಟಾನಲೇ ನಿನ್ನ ಮ್ಯಾಲ. ನನಗ ನೋಡು, ಕೈ ತಿರುವಾಕೂ ಒಬ್ಬ ಗತಿ ಇಲ್ಲ!”
ನಕ್ಕಳು. ನಾನೂ ನಕ್ಕೆ. ಯಾಕೆ ನಕ್ಕೆ?
ಹೈಸ್ಕೂಲಿಗೆ ಇದ್ದ ಹುಬ್ಬಳ್ಳಿ ಕಾನ್ವೆಂಟ್ ಹಾಸ್ಟೆಲಿನಲ್ಲಿ ಸಿಸ್ಟರ್ ಫೋರ್ಕ್ ಹಿಡಿಯುವುದನ್ನೂ ಕಲಿಸಿದರು. ಇದನ್ನು ಯಾರೂ ಹೇಳಿಕೊಡಲಿಲ್ಲ. ಡೈರಿ ಇಂಗ್ಲಿಷಿನಲ್ಲಿ ಬರೆಯಲು ನೋಡಿದೆ — ಬೇರೆ ಯಾರಿಗೋ ಆದಂತೆ ಓದಿಸಿಕೊಳ್ಳುತ್ತದೆ.

ಮಂಗಳವಾರ, 29 ಜುಲೈ
ಕೆಮಿಸ್ಟ್ರಿ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ಲ್ಯಾಬಿನ ಹಿಂದೆ ಅಂದಾನೆಪ್ಪನಿಗೆ ಹೇಳಿಯೇಬಿಟ್ಟೆ, ಇನ್ನು ಸಾಕು ಎಂದು.
“ಬಿಡತೀಯೇನು? ಬಿಡು. ನಿಮ್ಮಪ್ಪನ ಮುಂದ ನಿಂತು ನಿನ್ನ ಪತ್ರಾ ಓದತೇನಿ.”
ನಾಲ್ಕು ಪತ್ರ ಅವನಲ್ಲಿವೆ. ಅಪ್ಪ ಒಂದು ಕೇಳಿದರೂ ಕಾಲೇಜು ಮುಗಿಯಿತು. ದೀಪಾವಳಿಯೊಳಗೆ ಸೋದರಮಾವನಿಗೆ ಕೊಡುತ್ತಾರೆ.

ಸೋಮವಾರ, 4 ಆಗಸ್ಟ್
ಮತ್ತೆ. ಅದೇ ಕೈ.

ಬುಧವಾರ, 6 ಆಗಸ್ಟ್. ಸಂಜೆ
ಬಳೆಗಾರ ರಹಿಮಾನಸಾಬ ಬಂದಿದ್ದ. ಪಂಚಮಿಗೆ ಹೊಸ ಬಳೆ ಇಡಿಸದೆ ಅವ್ವ ಬಿಡುವುದಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲರ ಕೈ ಹಿಡಿಯಬಹುದಾದ ಗಂಡಸು ಅವನೊಬ್ಬನೇ. ತೊಟ್ಟಿಲಲ್ಲಿ ನನಗೆ ಮೊದಲ ಬಳೆ ಇಟ್ಟವನೂ ಅವನೇ.
ಬಲಗೈ ಮುಗಿಯಿತು. ಎಡಗೈ ದಾವಣಿಯೊಳಗಿತ್ತು. ಎಳೆದುಕೊಂಡು ಹೆಬ್ಬೆರಳಿಂದ ಒತ್ತಿದ. ಚೀರಿದೆ. ಅವ್ವನ ಕಡೆ ತಿರುಗಿದ.
“ಮಲ್ಲಕ್ಕಾ, ಹ್ವಾದ ತಿಂಗಳ ಮಣ್ಣೆತ್ತಿನ ಅಮಾಸಿಗೆ ಈ ಕೈಗೆ ಡಜನ್ ಇಟ್ಟೇನಿ. ಎರಡ ಉಳದಾವ.”
“ಬೋರಿಂಗ್ ನೀರು ತರೂಮುಂದ ಬಿದ್ಲಂತ್ರಿ ಕಾಕಾ,” ಎಂದಳು ಅವ್ವ. ನಾನು ಹೇಳಿದ್ದ ಸುಳ್ಳು.
ಮುಂಗೈ ಹೊರಳಿಸಿದ. ಒಂದು ಬದಿ ನಾಲ್ಕು ಕಲೆ, ಇನ್ನೊಂದು ಬದಿ ಒಂದು.
“ಬಿದ್ರ ಮೊಣಕೈ ಕೆತ್ತತೈತಿ ತಾಯಿ. ಇದು ಹಿಡದದ್ದು. ನಲವತ್ತ ವರ್ಷ ಕೈ ಹಿಡದಾಂವಗ ತಿಳಿಯಂಗಿಲ್ಲೇನು?”
ಎಡಗೈಗೆ ಇಡಲೇ ಇಲ್ಲ. “ನೋವಿನ ಕೈಗೆ ನಾ ಬಳಿ ಇಡಂಗಿಲ್ಲ.” ಪೆಟ್ಟಿಗೆ ಕಟ್ಟಿಕೊಂಡು ಹೋದ.
ಅವ್ವ ಅರಿಶಿನ ಬಿಸಿ ಮಾಡಿದಳು. ಏನಾಯಿತೆಂದು ಕೇಳಿದ್ದರೇ ಚೆನ್ನಾಗಿತ್ತು.

ಶನಿವಾರ, 9 ಆಗಸ್ಟ್. ಪಂಚಮಿ
ಜೋಕಾಲಿ ಹತ್ತಿರ ಎಲ್ಲರದೂ ಒಂದೇ ಪ್ರಶ್ನೆ. “ಎಡಗೈ ಯಾಕ ಬೋಳಬೇ?”
“ಫ್ಯಾಶನ್ ಐತಿ ತಗೊಳ್ರಿ,” ಅವ್ವ ಅಂದಳು. “ಹುಬ್ಬಳ್ಳ್ಯಾಗ ಒಂದ ಕೈಗೆ ಇಟ್ಕೋತಾರ.”
ಎಲ್ಲರೂ ನಂಬಿದರು! ಮನೆಗೆ ಬಂದು ಉಂಡಿ ಕಟ್ಟುತ್ತ, ಅವ್ವ ತಲೆ ಎತ್ತದೆ —
“ಯಾರಂವ?”
ಹೇಳಿದೆ. ಎಲ್ಲ.
“ಪತ್ರಾ ಓದ್ತಾನಂತ, ಅವ್ವಾ...”
“ಓದಲಿ. ನನಗ ಓದಾಕ ಬರಂಗಿಲ್ಲ, ಕೇಳಾಕ ವ್ಯಾಳ್ಯಾ ಇಲ್ಲ.”
“ಅಪ್ಪ?”
“ಅವರಿಗೆ ನಾ ಅದೇನಿ.”
“ಕಾಲೇಜು ಬಿಡಸ್ತೀಯೇನು?”
“ಒಲಿ ಮುಂದ ನಾ ಒಬ್ಬಾಕಿ ಸಾಕು.”

ಸೋಮವಾರ, 11 ಆಗಸ್ಟ್. ಬಸ್ಸಿನಲ್ಲಿ, 8.05
ಬಾಜು ಅವ್ವ ಕೂತಿದ್ದಾಳೆ. ಮಡಿಲಲ್ಲಿ ಉಂಡಿ ಡಬ್ಬಿ, ದೂರು ಕೇಳುವ ಪ್ರಿನ್ಸಿಪಾಲರಿಗಂತೆ. ಹೊಸ ಕುಬಸ. ಗಾಡಿ ಅಲುಗಾಟಕ್ಕೆ ಅಕ್ಷರ ಸೊಟ್ಟ ಬರುತ್ತಿವೆ. ಕಿಟಕಿಯಲ್ಲಿ ಗೇಟು ಕಂಡಿತು. ನಾಲ್ಕು ಹುಡುಗರು ನಿಂತಿದ್ದಾರೆ. ಅವನೂ.
“ಅದರಾಗ ಯಾರ?” ಅವ್ವ ಕೇಳುತ್ತಿದ್ದಾಳೆ. ಪೆನ್ನು ಕೆಳಗಿಟ್ಟು ಬೆರಳು ಮಾಡಿ ತೋರಿಸುತ್ತೇನೆ.