ಆ ಹಾಸಿಗೆಯನ್ನು ಸರಿಸಿದವರು ಯಾರು?

ಕೋಕ್‌ಜೇಕ್ ನಗರಸಭೆಯ ಪ್ರವಾಸ ಮತ್ತು ಸಾರ್ವಜನಿಕ ಸುರಕ್ಷತಾ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಈ ವಾರದ ‘ನಗರಸಭೆ ಸುದ್ದಿ’ ಓದಿದೆ. ಓದಿ ಮುಗಿಸಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ನನ್ನ ನೆರೆಮನೆಯ ಕಲಿಚಾ ಎಜೆಯ ಅತಿಥಿಗೃಹಕ್ಕೆ ಬೆಂಕಿ ಬಿದ್ದು ಒಬ್ಬ ಹಿರಿಯರು ತೀರಿಹೋದರಲ್ಲ, ಆ ಸಾವಿಗೆ ಆಕೆಯೇ ಹೊಣೆ ಎಂದು ತಮ್ಮ ಸಮಿತಿ ಕಂಡುಹಿಡಿದಿದೆಯಂತೆ. ‘ಅತಿಥಿಯ ಹಾಸಿಗೆಯನ್ನು ಬಾಗಿಲಿನಿಂದ ದೂರವಿಟ್ಟು, ಕಿಟಕಿಯನ್ನು ಮುಚ್ಚಿ, ಜೀವಕ್ಕೆ ಸಂಚಕಾರ ತಂದಿದ್ದಾರೆ’ ಎಂದು ಅಚ್ಚು ಹಾಕಿಸಿದ್ದೀರಿ. ಪೊಲೀಸರಿಗೆ ದೂರು ಸಲ್ಲಿಸುವ ನಿರ್ಣಯಕ್ಕೆ ಮುಂದಿನ ಸಭೆಯಲ್ಲಿ ಮುದ್ರೆ ಬೀಳಲಿದೆಯಂತೆ. ಬಹಳ ಸಂತೋಷ. ಆದರೆ ಒಂದು ಸಣ್ಣ ವಿಷಯ ತಮ್ಮ ನೆನಪಿನಿಂದ ಜಾರಿದಂತಿದೆ. ಆ ಹಾಸಿಗೆಯನ್ನು ದೂರ ಸರಿಸಿದವರು ತಮ್ಮವರು. ಆ ಕಿಟಕಿಯನ್ನು ಮುಚ್ಚಿಸಿದವರೂ ತಮ್ಮವರೇ. ಅವರು ಮನೆ ನೋಡಲು ಬಂದ ದಿನ ಬಾಣಲೆ ಮುಂದೆ ನಿಂತು ಅವರಿಗೆ ಹಿಟ್ಟಿನ ಬೋರ್ಸೋಕ್ ಕರಿದು ಹಾಕುತ್ತಿದ್ದವಳು ನಾನು. ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ.

ಕಲಿಚಾ ನನಗಿಂತ ದೊಡ್ಡವಳು, ಅದಕ್ಕೇ ಎಜೆ ಎನ್ನುತ್ತೇನೆ. ಒಡಹುಟ್ಟಿದ ಅಕ್ಕ ಇದ್ದಿದ್ದರೂ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರೂ ಬೇಸಿಗೆಯಲ್ಲಿ ಸರೋವರಕ್ಕೆ ಬರುವವರಿಗೆ ಕೋಣೆ ಬಿಟ್ಟುಕೊಟ್ಟು ಬದುಕುವವರು. ತೀರಿಹೋದ ಆ ಹಿರಿಯರು, ನಾವೆಲ್ಲ ಗೌರವದಿಂದ ಅಕ್ಸಕಾಲ್ ಎನ್ನುತ್ತಿದ್ದ ಕಬ್ದೊಲ್ಲಾ, ಪ್ರತಿ ವರ್ಷ ಕರಗಂಡದಿಂದ ಆಕೆಯ ಮನೆಗೆ ಬರುತ್ತಿದ್ದರು, ಜೊತೆಯಲ್ಲಿ ಮಗಳು ಸೌಲೆ. ಕಲ್ಲಿದ್ದಲ ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡ ಮನುಷ್ಯ. ಇಲ್ಲಿಯ ಗಾಳಿ ಕುಡಿದು ಹೋದರೆ ಚಳಿಗಾಲವನ್ನು ಹೇಗೋ ದಾಟಿಬಿಡುತ್ತೇನೆ ಎನ್ನುತ್ತಿದ್ದರು. ಅವರ ಹಾಸಿಗೆ ಯಾವಾಗಲೂ ಬಾಗಿಲ ಪಕ್ಕದಲ್ಲೇ.

ಬಾಗಿಲ ಪಕ್ಕ ಎಂದರೆ ನಮ್ಮಲ್ಲಿ ಚಪ್ಪಲಿ ಬಿಡುವ ಜಾಗ, ಹೊಸ ಸೊಸೆ ಮುದುರಿ ಕೂರುವ ಜಾಗ. ಹಿರಿಯರಿಗೆ ಸಲ್ಲಬೇಕಾದದ್ದು ಬಾಗಿಲಿಗೆ ಎದುರಾದ ಗೋಡೆಯ ಬುಡ, ಅಂದರೆ ತೋರ್. ಬಾಗಿಲಿನಿಂದ ಎಷ್ಟು ದೂರವೋ ಅಷ್ಟು ಮರ್ಯಾದೆ. ಅವರು ಬಂದ ಮೊದಲ ಬೇಸಿಗೆಯಲ್ಲಿ ಇದೇ ವಿಷಯಕ್ಕೆ ಇಬ್ಬರಿಗೂ ಜಟಾಪಟಿಯೇ ಆಗಿತ್ತು.

“ಅಯ್ಯೋ, ನಿಮ್ಮಂಥೋರನ್ನ ಚಪ್ಪಲಿ ಜೊತೆ ಮಲಗಿಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ!” ಎಂದಿದ್ದಳು ಕಲಿಚಾ ಎಜೆ.

“ಉಗಿದ್ರೆ ಒರೆಸ್ಕೊಳ್ಳಮ್ಮ. ನಾನು ತೋರ್‌ನಿಂದ ಎದ್ದು ಬಾಗಿಲಿಗೆ ಬರೋ ಹೊತ್ತಿಗೆ ಪ್ಯಾಂಟು ಒದ್ದೆ ಆಗಿರುತ್ತೆ. ಆಗ ಯಾರ ಮರ್ಯಾದೆ ಹೋಗುತ್ತೆ, ಹೇಳು ನೋಡೋಣ?”

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ಆ ಮಾತು ಎತ್ತಲಿಲ್ಲ. ತಿಳಿವಳಿಕೆಯಿರುವ ಇಬ್ಬರು ಮನುಷ್ಯರು ಒಂದು ಹಾಸಿಗೆ ಎಲ್ಲಿರಬೇಕೆಂದು ನಗುನಗುತ್ತಾ ತೀರ್ಮಾನಿಸಿಕೊಂಡಿದ್ದರು, ಮಾನ್ಯರೇ. ಅದಕ್ಕೆ ಸಮಿತಿ ಬೇಕಾಗಿರಲಿಲ್ಲ.

ಆದರೆ ಈ ವರ್ಷ ತಮಗೆ ಸಂಸ್ಕೃತಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ‘ಮಾದರಿ ಆತಿಥ್ಯದ ಮನೆ’ ಎಂಬ ಫಲಕ ಹುಟ್ಟಿಕೊಂಡಿತು, ಅದಕ್ಕೆ ಚಿನ್ನದ ಬಣ್ಣದ ಅಂಚು ಬೇರೆ. ಫಲಕ ಇಲ್ಲದ ಮನೆಯ ಹೆಸರು ಬಸ್‌ನಿಲ್ದಾಣದಲ್ಲಿ ತಾವು ತೂಗುಹಾಕಿದ ನಕ್ಷೆಯಲ್ಲಿ ಇರುವುದಿಲ್ಲ. ನಕ್ಷೆಯಲ್ಲಿ ಇಲ್ಲದ ಮನೆಯತ್ತ ಹೊಸಬರು ತಲೆ ಹಾಕುವುದಿಲ್ಲ. ಇದಕ್ಕೆ ಬಲವಂತ ಎನ್ನುವುದಿಲ್ಲವಂತೆ, ಪ್ರೋತ್ಸಾಹ ಎನ್ನುತ್ತಾರಂತೆ. ಸರಿ, ಪ್ರೋತ್ಸಾಹಿಸಲು ತಮ್ಮ ಪರಿವೀಕ್ಷಕರು ಜೂನ್‌ನಲ್ಲಿ ಬಂದರು. ಬಂದವರೇ ನೇರ ಊಟಕ್ಕೆ ಕೂತರು. ಕುರಿ ಬೆಂದಿತ್ತು. ದೊಡ್ಡವರಿಗೆ ಸಲ್ಲುವ ಅದರ ತಲೆಯನ್ನು ಯಾರ ಮುಂದೆ ಇಡಬೇಕೆಂದು ಅವರವರಲ್ಲೇ ನೀವು ತಗೊಳ್ಳಿ, ನೀವು ತಗೊಳ್ಳಿ ಎಂದು ಉಪಚಾರ ನಡೆಯಿತು. ಏಪ್ರಿಕಾಟ್ ಜಾಮಿನ ಬಟ್ಟಲುಗಳು ನೆಕ್ಕಿದಂತೆ ಖಾಲಿಯಾದವು. ಅಷ್ಟೆಲ್ಲ ಆದ ಮೇಲೆ ಕೋಣೆ ನೋಡಲು ಎದ್ದವರು ಒಬ್ಬರೇ, ಟೈ ಕಟ್ಟಿದ ಯುವಕ. ಉಳಿದವರಿಗೆ ತೇಗು ಬರುತ್ತಿತ್ತು.

ಆ ಯುವಕ ಬಾಗಿಲಲ್ಲೇ ನಿಂತು ಮೂಗು ಮುರಿದ.

“ಏನ್ರೀ ಇದು, ಹಿರಿಯರನ್ನ ಚಪ್ಪಲಿ ಬಿಡೋ ಜಾಗದಲ್ಲಿ ಮಲಗಿಸ್ತೀರಾ? ಹೊರಗಿನೋರು ನೋಡಿದ್ರೆ ಕಿರ್ಗಿಜರಿಗೆ ಮಾನ ಮರ್ಯಾದೆ ಇಲ್ಲ ಅಂತಾರೆ. ಹಾಸಿಗೆ ತೋರ್‌ಗೆ ಹೋಗ್ಬೇಕು. ಆ ಗೋಡೆ ಏನು ಬೋಳು ಬೋಳು? ದೊಡ್ಡದೊಂದು ಶಿರ್ದಾಕ್ ಹಾಕಿ.”

“ಅಲ್ಲಿ ಕಿಟಕಿ ಇದೆಯಲ್ಲಪ್ಪ,” ಎಂದಳು ಕಲಿಚಾ ಎಜೆ. “ಮತ್ತೆ ಆ ಅಕ್ಸಕಾಲ್ ಪದೇ ಪದೇ ಹೊರಗೆ ಹೋಗ್ತಿರ್ತಾರೆ…”

“ಕಿಟಕಿ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲಮ್ಮ.”

ನಾನು ಸೌಟು ಹಿಡಿದುಕೊಂಡೇ ಒಳಗೆ ಹೋಗಿ ಕೇಳಿದೆ: “ಅಲ್ಲಪ್ಪಾ, ಬೆಂಕಿ ಗಿಂಕಿ ಬಿದ್ರೆ ಆ ಮುದುಕರು ಎಲ್ಲಿಂದ ಹೊರಗೆ ಬರ್ಬೇಕು?”

“ಬೆಂಕಿ ನಮ್ಮದಲ್ಲ, ಅದು ಬೇರೆ ಶಾಖೆ.”

ತಮ್ಮ ಕಚೇರಿಯ ಬಾಗಿಲ ಮೇಲೆ ‘ಪ್ರವಾಸ ಮತ್ತು ಸಾರ್ವಜನಿಕ ಸುರಕ್ಷತಾ ಸಮಿತಿ’ ಎಂದು ಬರೆದಿದೆ. ಮೊದಲ ಪದದವರು ಎರಡನೆಯ ಪದದವರ ಜೊತೆ ಮಾತು ಬಿಟ್ಟಿದ್ದಾರೆಯೇ? ಒಂದೇ ಬಾಗಿಲ ಹಿಂದೆ ಕೂತು, ಒಂದೇ ಕೆಟಲಿನ ಚಹಾ ಕುಡಿಯುತ್ತಾ, ಅತಿಥಿ ಬರುವವರೆಗೆ ಒಬ್ಬರ ಕೆಲಸ, ಅತಿಥಿ ಸತ್ತ ಮೇಲೆ ಇನ್ನೊಬ್ಬರ ಕೆಲಸ ಎಂದು ಪಾಲು ಮಾಡಿಕೊಂಡಿದ್ದೀರಾ? ಹಾಸಿಗೆಯ ಒಂದು ತುದಿ ಹಿಡಿದು ಸರಿಸಿದ್ದು ಆ ಯುವಕನೇ. ಶಿರ್ದಾಕ್ ಅಂದರೆ ಒತ್ತಿದ ಉಣ್ಣೆಯ ಜಮಖಾನೆ, ಬೆರಳಿನಷ್ಟು ದಪ್ಪ, ಕೊಡಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಅದನ್ನು ಕಿಟಕಿಯ ಮೇಲೆ ಹರಡಿಸಿ, ಸುಕ್ಕಿಲ್ಲದೆ ಕಾಣಲೆಂದು ಸುತ್ತಲೂ ಮೊಳೆ ಹೊಡೆಸಿದ್ದೂ ಅವನೇ. “ಇನ್ನೂ ಬಿಗಿ, ಇನ್ನೂ ಬಿಗಿ” ಎನ್ನುತ್ತಿದ್ದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಫೋಟೋ ತೆಗೆಯುವವರು ಯಾವಾಗ ಬೇಕಾದರೂ ಬರುತ್ತಾರೆ, ಅಲ್ಲಿಯವರೆಗೆ ಏನನ್ನೂ ಕದಲಿಸಬಾರದು ಎಂದು ಹೇಳಿ, ಉಳಿದ ಮಾಂಸವನ್ನು ಪೊಟ್ಟಣ ಕಟ್ಟಿಸಿಕೊಂಡು ಹೋದರು.

ಜುಲೈನಲ್ಲಿ ಕಬ್ದೊಲ್ಲಾ ಅಕ್ಸಕಾಲ್ ಬಂದರು. ಕೋಣೆಯೊಳಗೆ ಕಾಲಿಟ್ಟು ಅಲ್ಲೇ ನಿಂತುಬಿಟ್ಟರು.

“ಏನಮ್ಮಾ ಕಲಿಚಾ, ಈ ಸಲ ನನ್ನ ಖಾನ್ ಮಾಡ್ಬಿಟ್ಟಿದ್ದೀಯ? ಬಾಗಿಲು ನೋಡಿದ್ರೆ ಅಷ್ಟು ದೂರ. ಒಂದಕ್ಕೆ ಹೋಗೋಕೆ ಕುದುರೇನೂ ಕಟ್ಟಿಸಿಬಿಡು!”

“ಮೇಲಿಂದ ಆರ್ಡರು ಬಂದಿದೆ ಅಕ್ಸಕಾಲ್. ಫೋಟೋ ತೆಗೆಯೋವರೆಗೂ ಸಹಿಸ್ಕೊಳ್ಳಿ. ಆಮೇಲೆ ನಿಮ್ಮ ಚಪ್ಪಲಿ ಪಕ್ಕಕ್ಕೇ ಹಾಕಿಸ್ತೀನಿ.”

ಫೋಟೋ ತೆಗೆದು ಹೋದ ಮರುದಿನವೇ ಬೆಂಕಿ ಬಿತ್ತು. ಆ ಹಾಸಿಗೆಯನ್ನು ಸರಿಸಲು ಸಂಜೆ ನಾನು ಬಂದು ಕೈಹಾಕುವುದೆಂದು ಮಾತಾಗಿತ್ತು. ಮಧ್ಯಾಹ್ನ ಊಟ ಮಾಡಿ ಮುದುಕರು ಮಲಗಿದ್ದರು. ಕಲಿಚಾ ಎಜೆ, ಸೌಲೆ ಇಬ್ಬರೂ ಕರ್ಬೂಜ ತರಲು ಪೇಟೆಗೆ ಹೋಗಿದ್ದರು. ಬಾಗಿಲ ಪಕ್ಕದ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಕಿಡಿ ಹಾರಿ ಪರದೆ ಹತ್ತಿಕೊಂಡಿತು ಎಂದು ಬೆಂಕಿ ಆರಿಸಲು ಬಂದವರು ಹೇಳುತ್ತಾರೆ. ನಾನು ಅಂಗಳದಲ್ಲಿ ಏಪ್ರಿಕಾಟ್ ಒಣಹಾಕುತ್ತಿದ್ದೆ. ಹೊಗೆ ನೋಡಿ ಓಡಿದೆ. ಬಾಗಿಲು ಧಗಧಗ ಉರಿಯುತ್ತಿತ್ತು. ಹಿಂದಿನ ಕಿಟಕಿಗೆ ಓಡಿ ಸಲಿಕೆಯಿಂದ ಗಾಜು ಒಡೆದೆ. ಒಳಗೆ ಕೋಣೆ ಕಾಣಲಿಲ್ಲ, ಮಾನ್ಯರೇ. ತಮ್ಮ ಸಂಸ್ಕೃತಿ ಕಂಡಿತು.

ಸಲಿಕೆಯಿಂದ ತಿವಿದೆ. ಉಣ್ಣೆ ಒಳಕ್ಕೆ ಬಗ್ಗುತ್ತಿತ್ತು, ಮತ್ತೆ ಎದುರಿಗೆ ಬರುತ್ತಿತ್ತು. ಆ ಬದಿಯಿಂದಲೂ ಯಾರೋ ಎಳೆಯುತ್ತಿರುವುದು ಗೊತ್ತಾಯಿತು.

“ಕಲಿಚಾ, ನೀನಾ?”

“ನಾನು ಅನಾರ್‌ಕುಲ್! ಮೂಲೆ ಹಿಡ್ಕೊಂಡು ಎಳೀರಿ ಅಕ್ಸಕಾಲ್, ಮೂಲೆ!”

“ಬಲವಾಗಿ ಹೊಡೆದಿದ್ದಾರೆ ಕಣಮ್ಮ,” ಎಂದರು.

ಅಷ್ಟೇ. ಆಮೇಲೆ ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮೂ ಇಲ್ಲ. ಬೆಂಕಿ ಆರಿದ ಮೇಲೆ ನೋಡಿದರೆ ಒಂದು ಮೂಲೆಯನ್ನು ಅವರು ಕಿತ್ತಿದ್ದರು, ಬೆರಳುಗಳು ಇನ್ನೂ ಅದನ್ನು ಹಿಡಿದುಕೊಂಡಿದ್ದವು. ಆ ಗೋಡೆಯಲ್ಲಿ ಕಿಟಕಿ ಇದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಬೇಸಿಗೆ ಅದೇ ಕಿಟಕಿಯಿಂದ ನನ್ನನ್ನು ಕರೆದು ಚಹಾಕ್ಕೆ ಪುದೀನ ಕೇಳಿದ್ದರು. 

ಈಗ ತಮ್ಮ ಪತ್ರಿಕೆಗೆ ಬರೋಣ. ಎರಡನೇ ಪುಟದ ಮೇಲ್ಭಾಗದಲ್ಲಿ, ಕಲಿಚಾ ಎಜೆಯ ಮೇಲಿನ ಆ ಆರೋಪದ ಜೊತೆಗೇ, ‘ನಿವಾಸಿಗಳೇ, ಅತಿಥಿಗಳ ಸುರಕ್ಷತೆ ನಿಮ್ಮ ಕೈಯಲ್ಲಿ!’ ಎಂಬ ಉಪದೇಶವಿದೆ. ಹಾಸಿಗೆಗಳು ಹೊರಹೋಗುವ ದಾರಿಗೆ ಹತ್ತಿರವಿರಲಿ, ಕಿಟಕಿಗಳಿಗೆ ಏನನ್ನೂ ಅಡ್ಡ ಕಟ್ಟಬೇಡಿ, ವೈರುಗಳನ್ನು ಪರೀಕ್ಷಿಸಿಕೊಳ್ಳಿ. ಚಿನ್ನದಂಥ ಮಾತು. ಅದೇ ಪುಟದ ಕೆಳಭಾಗದಲ್ಲಿ ಬಣ್ಣದ ಫೋಟೋ: ‘ಈ ವರ್ಷದ ಮಾದರಿ ಆತಿಥ್ಯ’. ಎದುರುಗೋಡೆಯ ಬುಡದಲ್ಲಿ ಹಾಸಿಗೆ, ಅದರ ಹಿಂದೆ ಸುಕ್ಕಿಲ್ಲದ ಶಿರ್ದಾಕ್. ಕಲಿಚಾ ಎಜೆಯ ಅದೇ ಕೋಣೆ! ಮೇಲೆ ಆಕೆಯನ್ನು ಕೊಲೆಗಾತಿ ಎನ್ನುತ್ತೀರಿ, ಕೆಳಗೆ ಅದೇ ಕೋಣೆಗೆ ಶಹಬ್ಬಾಸ್ ಎನ್ನುತ್ತೀರಿ. ತಮ್ಮಲ್ಲಿ ಯಾರಾದರೂ ತಮ್ಮ ಪತ್ರಿಕೆಯನ್ನು ಓದುವ ಪದ್ಧತಿ ಇಟ್ಟುಕೊಂಡಿದ್ದೀರಾ? ಅಥವಾ ಅದೂ ಬೇರೆ ಶಾಖೆಯೋ?

ಪತ್ರಿಕೆ ಹಿಡಿದುಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಿಗಲಿಲ್ಲ, ಸಭೆಯಲ್ಲಿದ್ದಿರಂತೆ. ಸಿಕ್ಕ ಗುಮಾಸ್ತರು ಬಹಳ ಮೃದುವಾಗಿ ಮಾತಾಡಿದರು.

“ಪರಿವೀಕ್ಷಕರು ಕೊಡೋದು ಆದೇಶ ಅಲ್ಲಮ್ಮ, ಸಲಹೆ. ಬೇಡ ಅನ್ನೋ ಸ್ವಾತಂತ್ರ್ಯ ಮನೆಯವರಿಗೆ ಇದ್ದೇ ಇತ್ತು.”

“ಮೊಳೆ ಹೊಡೆಸಿದ್ರಲ್ಲ, ಅದೂ ಸಲಹೆನಾ?”

“ಅದು… ಸಲಹೆಯ ಅನುಷ್ಠಾನ.”

ಥೂ! ಎಂದು ಅಲ್ಲೇ ಅಂದೆ, ಇಲ್ಲೂ ಬರೆಯುತ್ತಿದ್ದೇನೆ. ಬೇಕಾದರೆ ಇದನ್ನೂ ಸಲಹೆ ಎಂದು ತಿಳಿಯಿರಿ.

ಇಷ್ಟಾದರೂ ನಾನು ಪತ್ರ ಬರೆಯುತ್ತಿರಲಿಲ್ಲವೇನೋ. ಬರೆಸುತ್ತಿರುವುದು ಕಲಿಚಾ ಎಜೆಯ ಸ್ಥಿತಿ. ಆಕೆ ತಮ್ಮ ಮಾತನ್ನು ನಂಬಿಬಿಟ್ಟಿದ್ದಾಳೆ. ಆಕೆಯ ತಲೆ ಮೇಲೆ ಗೂಬೆ ಕೂರಿಸಲು ತಾವು ಇಷ್ಟು ಕಷ್ಟಪಡಬೇಕಾಗಿರಲಿಲ್ಲ. ತಾನೇ ತಲೆ ಬಗ್ಗಿಸಿ ಕೂತಿದ್ದಾಳೆ.

“ಅವರು ಬರೆದಿರೋದು ನಿಜ ತಾನೇ ಅನಾರ್‌ಕುಲ್? ಸಹಿಸ್ಕೊಳ್ಳಿ ಅಂದೋಳು ನಾನೇ. ಚಪ್ಪಲಿ ಪಕ್ಕ ಬಿಟ್ಟಿದ್ರೆ ನಡ್ಕೊಂಡು ಹೊರಗೆ ಬರ್ತಿದ್ರು. ಪೊಲೀಸರು ಕರೆದ್ರೆ ಹೋಗಿ ಒಪ್ಕೊಂಡ್ಬಿಡ್ತೀನಿ.”

“ಒಪ್ಕೊಂಡ್ರೆ ಜೈಲಿಗೆ ಹಾಕ್ತಾರೆ ಎಜೆ, ಹುಚ್ಚು ಹಿಡಿದಿದ್ಯಾ ನಿಂಗೆ?”

“ಹಾಕ್ಲಿ. ಮನೇಲಿ ಇದ್ರೂ ನಿದ್ದೆ ಎಲ್ಲಿ ಬರ್ತಿದೆ?”

ಸೌಲೆ ಕರಗಂಡದಿಂದ ಫೋನ್ ಮಾಡಿ, “ಎಜೆ, ಅಪ್ಪನಿಗೆ ನಿಮ್ಮ ಮನೆ ಅಂದ್ರೆ ಪ್ರಾಣ. ನಿಮ್ಮ ಮೇಲೆ ನಮಗೆ ಏನೂ ಇಲ್ಲ. ಯಾವ ಕಾಗದಕ್ಕೂ ಸಹಿ ಹಾಕಬೇಡಿ,” ಎಂದು ಅತ್ತಳು. ತಂದೆಯನ್ನು ಕಳೆದುಕೊಂಡವಳಿಗೆ ತಪ್ಪು ಯಾರದೆಂದು ಗೊತ್ತು, ಬೀದಿಗೆಲ್ಲ ಗೊತ್ತು. ಗೊತ್ತಿಲ್ಲದವರು ಇಬ್ಬರೇ, ತಾವು ಮತ್ತು ಕಲಿಚಾ ಎಜೆ. ಆಕೆಯದು ಸಂಕಟ. ತಮ್ಮದು ಜಾಣತನ.

ಆದ್ದರಿಂದ ಕೇಳಿ. ಮುಂದಿನ ಸಭೆಯಲ್ಲಿ ಆ ನಿರ್ಣಯವನ್ನು ಮಂಡಿಸಬೇಡಿ. ಅದರ ಬದಲು ಎದ್ದು ನಿಂತು, ಹಾಸಿಗೆ ಸರಿಸಿದ್ದು, ಕಿಟಕಿಗೆ ಮೊಳೆ ಹೊಡೆಸಿದ್ದು ನಮ್ಮ ಸಮಿತಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಅದನ್ನು ‘ನಗರಸಭೆ ಸುದ್ದಿ’ಯ ಅದೇ ಎರಡನೇ ಪುಟದಲ್ಲಿ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ತಾವೇ ತಂದು ಕಲಿಚಾ ಎಜೆಯ ಕೈಗೆ ಕೊಡಿ, ನಾನು ಹೇಳಿದರೆ ನಂಬುವುದಿಲ್ಲ, ಅಚ್ಚಾದದ್ದನ್ನು ನಂಬುತ್ತಾಳೆ. ಫಲಕ ಕೊಟ್ಟ ಪ್ರತಿ ಮನೆಗೂ ಹೋಗಿ ಗೋಡೆಗಳಿಂದ ಮೊಳೆ ಕೀಳಿಸಿ. ಈ ಸಲ ಊಟ ಮನೆಯಲ್ಲೇ ಮುಗಿಸಿಕೊಂಡು ಬನ್ನಿ.

ನಾನು ತಮಗಾಗಿ ಕಾಯುತ್ತಾ ಕೂತಿಲ್ಲ. ನಮ್ಮ ಮನೆಯ ಹಾಸಿಗೆಗಳನ್ನೆಲ್ಲ ಬಾಗಿಲ ಪಕ್ಕಕ್ಕೆ ಎಳೆದು ಹಾಕಿದ್ದೇನೆ. ಹೋದ ವಾರ ನನ್ನ ಗಂಡನ ಅಣ್ಣ, ಎಶಿಮ್ ಬಾವ, ನರೀನ್‌ನಿಂದ ಬಂದಿದ್ದರು. ಅವರ ಹಾಸಿಗೆ ನೋಡಿ ಮುಖ ಕೆಂಪಗಾಯಿತು.

“ತಮ್ಮ ಸತ್ತ ಮೇಲೆ ಈ ಮನೇಲಿ ನನ್ನ ಬೆಲೆ ಚಪ್ಪಲಿ ಪಕ್ಕಕ್ಕೆ ಬಂತಾ?”

“ಹೌದು ಬಾವ, ಅಲ್ಲೇ ಮಲಗ್ಬೇಕು.”

ಚಹಾ ಮುಟ್ಟದೆ ಎದ್ದು ಹೋದರು. ಈಗ ನೆಂಟರಿಷ್ಟರ ಮನೆಮನೆಗೆ ಹೋಗಿ ಅನಾರ್‌ಕುಲ್‌ಗೆ ಹಿರಿಯರೆಂದರೆ ಲೆಕ್ಕಕ್ಕಿಲ್ಲ ಎಂದು ಬಯ್ದುಕೊಂಡು ತಿರುಗುತ್ತಿದ್ದಾರಂತೆ. ತಿರುಗಲಿ, ಬಯ್ಯಲಿ. ಬಯ್ಯಲಿಕ್ಕೆ ಬದುಕಿದ್ದಾರಲ್ಲ.

ಇಂತಿ,
ಅತಿಥಿಗಳನ್ನು ಚಪ್ಪಲಿ ಪಕ್ಕ ಮಲಗಿಸುವ, ಸಂಸ್ಕಾರ ತಿಳಿಯದ ಹೆಂಗಸು,
ಅನಾರ್‌ಕುಲ್ ಮಾಂಬೆತೋವಾ
(ಫಲಕವಿಲ್ಲದ ಮನೆ, ಕೋಕ್‌ಜೇಕ್)