ಝಿಪ್ ಕಡತದಲ್ಲಿ ಕಾಣೆಯಾದ ವಡಗೇರಾ

ಮಾನ್ಯ ತಂತ್ರಾಂಶ ಬಿಡುಗಡೆ ಅಧಿಕಾರಿಗಳೇ,

ಈ ಬೆಳಿಗ್ಗೆ ಕಾಡುಗೋಡಿಯ ಸೈಬರ್ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಪರದೆಗೆ ಅಂಟಿಸಿದ್ದ ಚೀಟಿಯೊಂದು ಕಣ್ಣಿಗೆ ಬಿತ್ತು: ‘ವಡಗೇರಾದವರು ಶಹಾಪುರ ಒತ್ತಿ.’ ಚೀಟಿ ಆಗಲೇ ಹಳದಿಯಾಗಿತ್ತು. ನಿಮ್ಮ ಇಲಾಖೆ ಒಂದು ಇಡೀ ತಾಲ್ಲೂಕನ್ನು ಕಳೆದುಕೊಂಡು ಎಷ್ಟು ದಿನವಾಯಿತೆಂದು ತಿಳಿಯಲು ನನಗೆ ಬೇರೆ ದಾಖಲೆ ಬೇಕಾಗಲಿಲ್ಲ. ವಸತಿ ಶಾಲೆಗೆ ಅರ್ಜಿ ತುಂಬಲು ಇಂಥ ಸೇವಾ ಕೇಂದ್ರಗಳಿಗೆ ನೀವು ಕೊಟ್ಟಿರುವ ತಂತ್ರಾಂಶದಲ್ಲಿ, ಶಹಾಪುರದಿಂದ ಬೇರೆಯಾದ ಹೊಸ ತಾಲ್ಲೂಕು ವಡಗೇರಾ ಇಲ್ಲ. ನನ್ನ ದೂರು ಇಷ್ಟೇ.

ಅಂಗಡಿಗೆ ನಾನು ಹೋದದ್ದು ರುಕ್ಮವ್ವನ ಜೊತೆ. ಪಟ್ಟಂದೂರು ಅಗ್ರಹಾರದ ನಮ್ಮ ವಠಾರದಲ್ಲಿ ಅವರದು ಪಕ್ಕದ ಕೋಣೆ; ಊರು ವಡಗೇರಾ, ಇಲ್ಲಿ ಕಟ್ಟಡದ ಕೆಲಸ. ಮಗಳು ಮಹಾನಂದಾ ಐದನೆಯ ತರಗತಿ ಮುಗಿಸಿದ್ದಾಳೆ. ಆರಕ್ಕೆ ಸೇರಲು ಅರ್ಜಿಯ ಕೊನೆಯ ದಿನ ಬರುವ ಗುರುವಾರ. ಹೋದ ವಾರ ಚೀಟಿಯ ಮಾತು ಕೇಳಿ ಶಹಾಪುರ ಒತ್ತಿದ ಅರ್ಜಿ, ‘ತಾಲ್ಲೂಕಿನ ಹೆಸರು ಪ್ರಮಾಣಪತ್ರದೊಂದಿಗೆ ತಾಳೆಯಾಗುತ್ತಿಲ್ಲ’ ಎಂಬ ಷರಾದೊಂದಿಗೆ ತಿರಸ್ಕೃತವಾಗಿದೆ.

“ಶಹಾಪುರ ಒತ್ಲಾ ಅಕ್ಕ? ಎಲ್ರೂ ಅದನ್ನೇ ಒತ್ತೋದು” ಎಂದರು ಅಂಗಡಿಯ ವೇಣಿ.

“ಅದನ್ನೇ ಒತ್ತಿದ್ರಲ್ಲ ಹ್ವಾದ ವಾರ, ವಾಪಸ್ ಬಂತು” ಎಂದರು ರುಕ್ಮವ್ವ. “ನಮ್ಮ ವಡಗೇರಾ ಎಲ್ಲೂ ಹೋಗಿಲ್ರೀ ಅಕ್ಕಾರ, ಅಲ್ಲೇ ಅದ. ನಿನ್ನಿನೇ ನಮ್ಮಕ್ಕಗ ಫೋನ್ ಹಚ್ಚಿದ್ದೆ.”

“ಇದೆ ಕಣಕ್ಕ. ಆದ್ರೆ ಇದರಲ್ಲಿಲ್ಲ. ನಾನೇನ್ ಮಾಡ್ಲಿ, ನಾನೇನು ಡಿ.ಸಿ.ನಾ?”

ಹೋದ ವಾರವೇ ನಾನು ನಿಮಗೆ ದೂರು ಬರೆದಿದ್ದೆ. ಎರಡೇ ದಿನದಲ್ಲಿ ಉತ್ತರ ಬಂತು, ಸಂತೋಷ. ‘ಮೂಲ ಕೋಡಿನಲ್ಲಿ ವಡಗೇರಾ ಇರುತ್ತದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಹೌದು ಸ್ವಾಮಿ, ಇರುತ್ತದೆ. ನೋಡಿದೆ. ಪಾರದರ್ಶಕತೆಯ ಹೆಸರಿನಲ್ಲಿ ಮೂಲ ಕೋಡನ್ನು ನೀವೇ ಸಾರ್ವಜನಿಕವಾಗಿ ಇಟ್ಟಿದ್ದೀರಿ. ಯಾವ ಸಾಲನ್ನು ಯಾರು, ಯಾವ ದಿನ ತಿದ್ದಿದರು ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ಆದರೆ ವೇಣಿಯವರು ಇಳಿಸಿಕೊಳ್ಳುವುದು ಮೂಲ ಕೋಡನ್ನಲ್ಲ, ಅದರಿಂದ ಕಟ್ಟಿದ್ದೆಂದು ನೀವು ಹೇಳುವ ಝಿಪ್ ಕಡತವನ್ನು. ಅಡುಗೆಮನೆಯಲ್ಲಿ ಉಪ್ಪು ಇದೆ ಎಂದರೆ ಸಾರಿಗೆ ಉಪ್ಪು ಬಿದ್ದಂತಾಯಿತೇ?

ನಾನು ಕನ್ನಡ ಎಂ.ಎ. ಓದಿದವಳು, ಇಲ್ಲಿನ ಕಂಪನಿಯೊಂದರಲ್ಲಿ ಕೈಪಿಡಿ ಬರೆಯುತ್ತೇನೆ. ಓಲೆಗರಿಯ ಎರಡು ಪ್ರತಿಗಳನ್ನು ಎದುರುಬದುರು ಇಟ್ಟು ಸಾಲುಸಾಲಾಗಿ ಪಾಠಾಂತರ ಹುಡುಕುವುದನ್ನು ನಮಗೆ ಕಲಿಸಿದ್ದರು. ಕೋಡಿಗೂ ಹಾಗೆ ಮಾಡಬಹುದೇ ಎಂದು ಸಹೋದ್ಯೋಗಿ ಹರ್ಷವರ್ಧನ್ ಅವರನ್ನು ಕೇಳಿದೆ. “ಒಂದೇ ಕಮಾಂಡು ಕಣ್ರೀ, ಅರ್ಧ ನಿಮಿಷ. ಯಾರೂ ಹಾಕಲ್ಲ, ಅಷ್ಟೇ” ಎಂದರು. ಹಾಕಿದೆವು. ಎರಡರ ಮೇಲೂ ಆವೃತ್ತಿ 4.2 ಎಂದೇ ಬರೆದಿದೆ. ಮೂಲದಲ್ಲಿರುವುದು ತಿದ್ದಿದ ತಾಲ್ಲೂಕು ಪಟ್ಟಿ, ಝಿಪ್‌ನಲ್ಲಿರುವುದು ಹಳೆಯದು. ಜೊತೆಗೆ, ಮೂಲದಲ್ಲಿ ಎಲ್ಲಿಯೂ ಇಲ್ಲದ ಒಂದು ಕಡತ ಝಿಪ್‌ನಲ್ಲಿ ಸಿಕ್ಕಿತು: ನಿಮ್ಮ ಕಚೇರಿಯ ಪ್ರವಾಸದ ಊಟದ ಪಟ್ಟಿ. ಸಸ್ಯಾಹಾರ ಹದಿನಾಲ್ಕು, ಮಾಂಸಾಹಾರ ಒಂಬತ್ತು, ‘ಮೊಟ್ಟೆ ಮಾತ್ರ, ಅದೂ ಮನೆಯಲ್ಲಿ ಹೇಳಬಾರದು’ ಒಂದು. ಆ ಒಬ್ಬರು ಯಾರೆಂದು ನಾನು ಇಲ್ಲಿ ಬರೆಯುವುದಿಲ್ಲ. ಆದರೆ ರಾಜ್ಯದ ಎಲ್ಲ ಸೇವಾ ಕೇಂದ್ರಗಳಿಗೂ ಅವರ ಗುಟ್ಟು ತಲುಪಿದೆ ಎಂಬುದನ್ನು ದಯವಿಟ್ಟು ಅವರಿಗೆ ತಿಳಿಸಿ.

ಅಂದರೆ ಈ ಝಿಪ್ ಅನ್ನು ಕಟ್ಟಿದ್ದು ಮೂಲದಿಂದಲ್ಲ, ಯಾರದೋ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಫೋಲ್ಡರಿನಿಂದ. ಅವರನ್ನು ನಾನು ಬೈಯುವುದಿಲ್ಲ. ಶುಕ್ರವಾರ ಸಂಜೆಯಿರಬೇಕು, ಮರುದಿನ ಪ್ರವಾಸ, ನಾನಾಗಿದ್ದರೂ ಹಾಗೆಯೇ ಕಟ್ಟುತ್ತಿದ್ದೆನೇನೋ. ನನ್ನ ಪ್ರಶ್ನೆ ಅವರ ನಂತರ ಅದನ್ನು ಪರೀಕ್ಷಿಸಬೇಕಿದ್ದವರಿಗೆ. ಯಾರ ಕಣ್ಣಿಗೂ ಬೀಳದೆ ಇಪ್ಪತ್ತನಾಲ್ಕು ಜನರ ಊಟ ಒಳಗೆ ಹೋಗುವುದಾದರೆ, ಕೆಟ್ಟ ಮನಸ್ಸಿನವರು ಬರೆದ ನಾಲ್ಕು ಸಾಲು ಹೋಗುವುದಿಲ್ಲವೇ? ಮಕ್ಕಳ ಹೆಸರು, ವಿಳಾಸ, ಆಧಾರ್ ಸಂಖ್ಯೆ ಎಲ್ಲವೂ ಅದರಲ್ಲಿಯೇ ತುಂಬುವುದು. ಎಲ್ಲರೂ ನೋಡಲೆಂದು ಒಂದನ್ನು ತೆರೆದಿಟ್ಟು, ಎಲ್ಲರೂ ಬಳಸಲೆಂದು ಇನ್ನೊಂದನ್ನು ಕೊಡುವುದು ಯಾವ ಬಗೆಯ ಪಾರದರ್ಶಕತೆ?

ಆದ್ದರಿಂದ ಝಿಪ್ ಅನ್ನು ದಾಖಲಾದ ಮೂಲದಿಂದಲೇ ಹೊಸದಾಗಿ ಕಟ್ಟಿಸಿ. ಕಟ್ಟಿದವರಲ್ಲದೆ ಬೇರೊಬ್ಬರು ಅದನ್ನು ಮೂಲದೊಡನೆ ಹೋಲಿಸಿ ಸಹಿ ಮಾಡಲಿ, ಆಮೇಲೆಯೇ ಬಿಡುಗಡೆಯಾಗಲಿ. ಶಹಾಪುರ ಒತ್ತಿ ತಿರಸ್ಕೃತರಾದ ಮಕ್ಕಳ ಅರ್ಜಿಗಳನ್ನು ಗುರುವಾರದೊಳಗೆ ಮತ್ತೆ ತೆಗೆದುಕೊಳ್ಳಿ. ಮಹಾನಂದಾಳ ವಯಸ್ಸಿಗೆ ಆವೃತ್ತಿ 4.3ರವರೆಗೆ ಕಾಯುವ ಅಭ್ಯಾಸವಿಲ್ಲ.

ಲಿಫ್ಟಿನಲ್ಲಿ ಅಪರಿಚಿತರಿದ್ದರೆ ಮೆಟ್ಟಿಲು ಹತ್ತುವವಳು ನಾನು. ಇಷ್ಟನ್ನು ಕಾಗದದಲ್ಲಿ ಬರೆದು ಸುಮ್ಮನಾಗಬೇಕೆಂದಿದ್ದೆ. ಆದರೆ ಕಾಗದಗಳನ್ನು ನೀವು ಎಷ್ಟು ಚೆನ್ನಾಗಿ ಮುಕ್ತಾಯಗೊಳಿಸುತ್ತೀರಿ ಎಂಬುದು ಈಗ ಗೊತ್ತಾಗಿದೆ. ಸೋಮವಾರಕ್ಕೆ ರಜೆ ಹಾಕಿದ್ದೇನೆ. ಹತ್ತೂವರೆಗೆ ರುಕ್ಮವ್ವನೂ ನಾನೂ ನಿಮ್ಮ ಮೇಜಿನ ಮುಂದೆ ಇರುತ್ತೇವೆ. ನೀವು ನಿಮ್ಮ ಕೈಯಾರೆ ಝಿಪ್ ಬಿಚ್ಚಿ ವಡಗೇರಾ ಹುಡುಕುವವರೆಗೆ ಕೂತಿರುತ್ತೇವೆ. ಮಾತು ನಾನೇ ಆಡುತ್ತೇನೆ.

ಇಂತಿ,
ಕರಡಿನಲ್ಲಿ ಇದಕ್ಕಿಂತ ಖಾರವಾಗಿದ್ದು, ಬಿಡುಗಡೆಯ ಹೊತ್ತಿಗೆ ಎರಡು ಸಾಲು ಹೊಡೆದುಹಾಕಿದ, ಆ ವ್ಯತ್ಯಾಸವನ್ನು ಒಪ್ಪಿಕೊಳ್ಳುವ
ಸುಮಂಗಲಾ
ಪಟ್ಟಂದೂರು ಅಗ್ರಹಾರ